ಮುಂದೂಡಲಾಗಿದೆ

ಮರ್ಸೆಡ್ ಊರಿನಲ್ಲಿ ಮನೆಗಳ ಬೆಲೆ ನೆಲ ಕಚ್ಚಿದ ಆ ವರ್ಷಗಳಲ್ಲಿ, ಬೇರೆ ಏಜೆಂಟರು ಕೈಬಿಟ್ಟ ಮನೆಗಳನ್ನೇ ಒಡೆಟ್ ಬೋರ್ಬಾ ಹುಡುಕಿಕೊಂಡು ಹೋಗುತ್ತಿದ್ದಳು. ಮನೆಯ ಬೆಲೆಗಿಂತ ಅದರ ಮೇಲಿನ ಸಾಲವೇ ಎರಡರಷ್ಟಾಗಿ ಕೂತಿದ್ದ ಮನೆಗಳು ಅವು. ಬ್ಯಾಂಕು ದೊಡ್ಡ ಮನಸ್ಸು ಮಾಡಿ ‘ಬಂದಷ್ಟು ಬರಲಿ, ಉಳಿದದ್ದು ಬಿಟ್ಟೆವು’ ಎಂದರೆ ಮಾತ್ರ ಅವನ್ನು ಮಾರಬಹುದಿತ್ತು. ಅಂಥ ಮಾರಾಟಕ್ಕೆ ಶಾರ್ಟ್ ಸೇಲ್ ಎನ್ನುತ್ತಿದ್ದರು. ಹೆಸರಷ್ಟೇ ಶಾರ್ಟ್. ಕಳಿಸಿದ ಕಾಗದವನ್ನು ಬ್ಯಾಂಕಿನವರು ಕಳೆದುಹಾಕುತ್ತಿದ್ದರು. ಹೋದ ವಾರ ಮಾತಾಡಿದವರು ಈ ವಾರ ಕೆಲಸದಲ್ಲಿ ಇರುತ್ತಿರಲಿಲ್ಲ. ಕೊಳ್ಳಲು ಬಂದವರು ಕಾದು ಕಾದು ಬೇರೆ ಕಡೆ ಹೋಗುತ್ತಿದ್ದರು. ಅಷ್ಟರಲ್ಲಿ ಹರಾಜಿನ ದಿನ ಬಂದುಬಿಡುತ್ತಿತ್ತು. ಮನೆ ಹರಾಜಾಯಿತೆಂದರೆ ಏಜೆಂಟಿಗೆ ಚಿಕ್ಕಾಸೂ ಹುಟ್ಟುತ್ತಿರಲಿಲ್ಲ.

ಒಬ್ಬೊಬ್ಬರಾಗಿ ಏಜೆಂಟರು ಕೆಲಸ ಬಿಡತೊಡಗಿದಾಗ ಕಚೇರಿಯ ಮಾಲೀಕ ಹೆಕ್ಟರ್ ಸಾಂದೋವಾಲ್ ಸ್ಯಾಕ್ರಮೆಂಟೊದಿಂದ ಒಬ್ಬ ಭಾಷಣಕಾರನನ್ನು ಕರೆಸಿದ. ಉತ್ಸಾಹ ತುಂಬುವುದು ಆ ಮನುಷ್ಯನ ಕಸುಬು. ಬೆಳಿಗ್ಗೆ ನಿಮ್ಮನ್ನು ಹಾಸಿಗೆಯಿಂದ ಎಬ್ಬಿಸುವುದು ಯಾವುದು, ಒಂದು ಚೀಟಿಯಲ್ಲಿ ಬರೆಯಿರಿ ಎಂದ. ಒಬ್ಬಳು ಮಗಳ ಕಾಲೇಜು ಎಂದು ಬರೆದಳು, ಇನ್ನೊಬ್ಬ ದೇವರು ಎಂದು ಬರೆದ. ಒಡೆಟ್ ‘ಡ್ವೇನ್’ ಎಂದು ಬರೆದಳು. ಭಾಷಣಕಾರ ಬಗ್ಗಿ ನೋಡಿ, ಯಜಮಾನರಾ ಎಂದು ಕೇಳಿದ. ಅಲ್ಲ, ಅವನನ್ನು ಹಾಳುಮಾಡುವುದು ಬಾಕಿ ಇದೆ ಎಂದಳು. ಎಲ್ಲರೂ ನಕ್ಕರು. ಹೆಕ್ಟರ್‌ಗೆ ಮಾತ್ರ ನಗು ಬರಲಿಲ್ಲ.

ಡ್ವೇನ್ ಹ್ಯಾಲ್ವರ್ಸನ್ ಒಂದು ಕಾಲಕ್ಕೆ ಅದೇ ಕಚೇರಿಯಲ್ಲಿ ಅವಳ ಪಕ್ಕದ ಮೇಜಿನಲ್ಲಿ ಕೂತು ಜನರಿಗೆ ಮನೆಸಾಲ ಕೊಡಿಸುತ್ತಿದ್ದವನು. ಒಡೆಟ್‌ಳ ಅಣ್ಣ ಜುವೆನಲ್‌ಗೂ ಅವನೇ ಕೊಡಿಸಿದ್ದ. ಜುವೆನಲ್ ಪರರ ಹಸು ಕರೆಯುತ್ತಲೇ ತಲೆ ಹಣ್ಣಾದವನು. ಕೊನೆಗೊಮ್ಮೆ ತನ್ನದೆನ್ನುವ ಮನೆಯಾಯಿತೆಂಬ ಸಂಭ್ರಮದಲ್ಲಿ ಹಿತ್ತಲಲ್ಲಿ ತಾನೇ ಇಟ್ಟಿಗೆ ಜೋಡಿಸಿ ಒಲೆ ಕಟ್ಟಿದ. ಅವರ ಹಿರಿಯರು ಅಸೋರಸ್ ದ್ವೀಪಗಳಿಂದ ಬಂದವರು. ಪವಿತ್ರಾತ್ಮನ ಹಬ್ಬಕ್ಕೆ ಸಿಹಿ ಬ್ರೆಡ್ಡು ಸುಡಲು ಬೀದಿಯ ನೆಂಟರಿಷ್ಟರೆಲ್ಲ ಆ ಒಲೆಗೇ ಬರುತ್ತಿದ್ದರು. ಎರಡು ವರ್ಷ ಸುಸೂತ್ರವಾಗಿ ನಡೆಯಿತು. ಆಮೇಲೆ ಕಂತು ಒಮ್ಮೆಲೇ ಮೇಲೆ ಹಾರಿತು. ಸಾಲದಲ್ಲಿ ಹಾಗೊಂದು ಷರತ್ತಿದೆ ಎಂಬುದನ್ನು ಡ್ವೇನ್ ಬಾಯಿಬಿಟ್ಟು ಹೇಳಿರಲಿಲ್ಲ.

ಮನೆಯನ್ನು ಮಾರಿಸುವ ಹೊಣೆಯನ್ನೂ ಡ್ವೇನೇ ಹೊತ್ತ. ನೀನು ತಂಗಿ, ಮನಸ್ಸಿಗೆ ಹಚ್ಚಿಕೊಳ್ಳುತ್ತೀಯ, ನನಗೆ ಬಿಡು ಎಂದು ಒಡೆಟ್‌ಳನ್ನು ಒಪ್ಪಿಸಿದ. ಕೊಳ್ಳುವವನೂ ಸಿಕ್ಕಿದ, ಚೌಚಿಲಾ ಜೈಲಿನ ಕಾವಲುಗಾರನೊಬ್ಬ. ಬ್ಯಾಂಕು ಹರಾಜನ್ನು ಮುಂದಕ್ಕೆ ಹಾಕಿದೆ, ನೆಮ್ಮದಿಯಾಗಿರು ಎಂದು ಡ್ವೇನ್ ಜುವೆನಲ್‌ಗೆ ಹೇಳಿದ. ಜುವೆನಲ್ ಹಸು ಕರೆದು ಮನೆಗೆ ಬಂದಾಗ ಬಾಗಿಲಿಗೆ ಕಾಗದ ಅಂಟಿಸಿತ್ತು. ಅವತ್ತೇ ಬೆಳಿಗ್ಗೆ ಮನೆ ಹರಾಜಾಗಿತ್ತು. ಕೊಂಡದ್ದು ಯಾವುದೋ ಕಂಪನಿ. ವಿಚಾರಿಸಿದರೆ ಕಂಪನಿ ಡ್ವೇನ್‌ನದು. ಕಾರು ನಿಲ್ಲಿಸಲು ಜಾಗ ಬೇಕೆಂದು ಅವನ ಆಳುಗಳು ಒಲೆಯನ್ನು ಸುತ್ತಿಗೆಯಿಂದ ಒಡೆದು ಮೇಲೆ ಸಿಮೆಂಟ್ ಸುರಿದರು.

ಕೇಳಿದ್ದಕ್ಕೆ, ಬ್ಯಾಂಕಿನವರು ಮಾತು ತಪ್ಪಿದರು ಎಂದ ಡ್ವೇನ್. ಒಡೆಟ್ ಆ ಬ್ಯಾಂಕಿಗೆ ಫೋನಿನ ಮೇಲೆ ಫೋನ್ ಮಾಡಿದಳು. ಕಡೆಗೊಬ್ಬಳು ಕನಿಕರಪಟ್ಟು, ಆ ಮನೆಯ ಹರಾಜು ಮುಂದೂಡಿ ಎಂದು ನಮ್ಮನ್ನು ಯಾರೂ ಯಾವತ್ತೂ ಕೇಳಿರಲಿಲ್ಲ ಎಂದಳು. ವಕೀಲನ ಬಳಿ ಹೋದರೆ, ಎಲ್ಲ ಬಾಯಿಮಾತು, ಸಾಕ್ಷಿ ಇಲ್ಲ ಎಂದು ಅವನು ಕೈಚೆಲ್ಲಿಬಿಟ್ಟ. ಜುವೆನಲ್ ಗಂಟುಮೂಟೆ ಕಟ್ಟಿ ತಂಗಿಯ ಮನೆಯ ಹಿಂದಿನ ಕೋಣೆಗೆ ಬಂದ. ಆ ಮನೆಯ ಮಾತನ್ನು ಮತ್ತೆ ಎತ್ತಲಿಲ್ಲ. ಕೋಪ ಮಾಡಿಕೊಳ್ಳುವುದು ಅವನಿಗೆ ಬರುತ್ತಿರಲಿಲ್ಲ. ಅವನ ಪಾಲಿನ ಕೋಪವನ್ನೂ ಒಡೆಟ್‌ಳೇ ಮಾಡಿಕೊಂಡಳು.

ಊರಿನ ಹರಾಜುಗಳು ನಡೆಯುತ್ತಿದ್ದದ್ದು ನ್ಯಾಯಾಲಯದ ಮೆಟ್ಟಿಲ ಮೇಲೆ. ಡ್ವೇನ್ ಈಗ ಅಲ್ಲಿನ ಖಾಯಂ ಗಿರಾಕಿ. ತಾನೂ ನಾಲ್ಕೈದು ಗೆಳೆಯರೂ ಮಡಿಸುವ ಕುರ್ಚಿ ಹಾಕಿಕೊಂಡು, ತಣ್ಣಗಿನ ಚಹಾ ಹೀರುತ್ತ, ಜೇಬಿನಲ್ಲಿ ಬ್ಯಾಂಕ್ ಡ್ರಾಫ್ಟ್ ಇಟ್ಟುಕೊಂಡು ಕಾಯುತ್ತಿದ್ದರು. ಹರಾಜು ಕೂಗುವವನು ಒಂದೊಂದೇ ವಿಳಾಸ ಓದುತ್ತಿದ್ದ. ತಾನು ಕಣ್ಣಿಟ್ಟ ಮನೆಯ ಸರದಿ ಬಂದಾಗ ಡ್ವೇನ್ ಕುರ್ಚಿಯಿಂದ ಅರ್ಧ ಏಳುತ್ತಿದ್ದ. ಆಗ ಕೂಗುವವನು ಹಾಳೆ ನೋಡಿ ‘ಮುಂದೂಡಲಾಗಿದೆ’ ಎಂದರೆ, ಅರ್ಧ ಎದ್ದವನು ಮತ್ತೆ ಕೂರಬೇಕು. ಆ ಕೂರುವುದನ್ನು ನೋಡಲೆಂದೇ ಒಡೆಟ್ ಎದುರಿನ ಮರದ ಕೆಳಗೆ ಹೋಗಿ ನಿಲ್ಲುತ್ತಿದ್ದಳು.

ಅವಳು ಮನೆಗಳನ್ನು ಆರಿಸುತ್ತಿದ್ದ ಬಗೆಯೇ ಅದು. ಡ್ವೇನ್ ಯಾವ ಮನೆಯ ಮುಂದೆ ಕಾರು ನಿಧಾನ ಮಾಡಿ ಫೋಟೋ ತೆಗೆದುಕೊಂಡ ಎಂದು ಗೊತ್ತಾದರೆ ಸಾಕು, ಮರುದಿನ ಆ ಮನೆಯ ಬಾಗಿಲು ತಟ್ಟುತ್ತಿದ್ದಳು. ಬ್ಯಾಂಕಿನವರು ಫೋನಿನಲ್ಲಿ ಕಾಯಿಸುವಾಗ ಹಾಕುವ ಒಂದೇ ಸ್ಯಾಕ್ಸಫೋನ್ ರಾಗವನ್ನು ಗಂಟೆಗಟ್ಟಲೆ ಕೇಳಿ ಬೇರೆಯವರಿಗೆ ತಲೆ ಕೆಡುತ್ತಿತ್ತು. ಅವಳು ಡ್ವೇನ್‌ನ ಮುಖ ನೆನೆಯುತ್ತ ಆರಾಮಾಗಿ ಕೂತಿರುತ್ತಿದ್ದಳು. ಕಾಗದ ಸಿಕ್ಕಿಲ್ಲ, ಮತ್ತೆ ಕಳಿಸಿ ಎಂದರೆ ಮತ್ತೆ ಕಳಿಸುತ್ತಿದ್ದಳು. ಹಸಿವು ನಿದ್ದೆಗಳಂತೆ ಆ ಹಗೆಯೂ ಮೈಗೆ ಹತ್ತಿಹೋಗಿತ್ತು.

ಊರಿನ ದಕ್ಷಿಣಕ್ಕೆ ದೂರದ ಬೆಟ್ಟಗಾಡಿನಿಂದ ವಲಸೆ ಬಂದ ಮ್ಹಾಂಗ್ ಜನಾಂಗದ ಯೂವಾ ಲೋರ್ ಎಂಬ ಮುದುಕಿಯ ಮನೆಯಿತ್ತು. ಹಿತ್ತಲ ತುಂಬ ಹಾಗಲಬಳ್ಳಿ, ನಿಂಬೆಹುಲ್ಲು. ಮಗನ ಕೆಲಸ ಹೋಗಿ ಕಂತು ನಿಂತಿತ್ತು. ಮನೆ ಹೇಗೂ ಉಳಿಯುವಂತಿರಲಿಲ್ಲ. ಆದರೆ ತಾವಾಗಿ ಮಾರಿ ತಲೆಯೆತ್ತಿ ಹೋಗುವುದು ಬೇರೆ, ಪೊಲೀಸರು ಬಂದು ಪಾತ್ರೆ ಪಡಗ ಬೀದಿಗಿಡುವುದು ಬೇರೆ. ಒಡೆಟ್ ಆ ಮನೆಗಾಗಿ ಹರಾಜನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಿಸಿದಳು. ಮೂರನೆಯ ಸಲ ‘ಮುಂದೂಡಲಾಗಿದೆ’ ಕೇಳಿದ ಮೇಲೆ ಡ್ವೇನ್ ಎದ್ದು ಮರದ ಕೆಳಗೆ ಬಂದ.

“ಆ ಮುದುಕಿ ಮನೆಯಿಂದ ನಿನಗೆ ಪೆಟ್ರೋಲ್ ಖರ್ಚೂ ಹುಟ್ಟಲ್ಲ ಒಡೆಟ್. ಯಾಕೆ ಒದ್ದಾಡ್ತೀಯ?”

“ನೀನು ಕೂರೋದು ನೋಡೋಕೆ ಚೆನ್ನಾಗಿರತ್ತೆ,” ಎಂದಳು.

ಅವನು ನಕ್ಕ. ಆ ನಗು ಅವಳಿಗೆ ಇನ್ನೂ ಎಷ್ಟೋ ವಾರಕ್ಕೆ ಸಾಕಾಯಿತು. ಯೂವಾ ಲೋರ್‌ಳ ಮನೆಯನ್ನು ಒಬ್ಬ ನರ್ಸ್ ಕೊಂಡಳು. ಅಜ್ಜಿ ಹೊಸ ಬಾಡಿಗೆ ಮನೆಗೆ ಹೋಗುವ ಮುಂಚೆ ಒಡೆಟ್‌ಳನ್ನು ಕೂರಿಸಿ ನಿಂಬೆಹುಲ್ಲು ಹಾಕಿದ ಕೋಳಿ ಸಾರು ಬಡಿಸಿದಳು. ಸಾರು ಕುಡಿಯುತ್ತ ಒಡೆಟ್‌ಗೆ ಸ್ವಲ್ಪ ನಾಚಿಕೆಯಾಯಿತು. ಅಜ್ಜಿಗಾಗಿ ಇದನ್ನು ಮಾಡಿದೆನೆಂದು ಹೇಳಿಕೊಳ್ಳುವಂತಿರಲಿಲ್ಲವಲ್ಲ.

ಮುಂದಿನ ವಸಂತದಲ್ಲಿ ಮಾರ್ಲಿಸ್ ಹ್ಯಾಲ್ವರ್ಸನ್ ಕಚೇರಿಗೆ ಬಂದಳು. ಡ್ವೇನ್‌ನ ಹೆಂಡತಿ. ಶಿಶುವಿಹಾರದ ಮೇಡಂ, ಸಣ್ಣ ದನಿಯವಳು. ಕುರ್ಚಿಯ ತುದಿಯಲ್ಲಿ ಕೂತು ಎಲ್ಲ ಹೇಳಿದಳು. ಡ್ವೇನ್ ಹರಾಜಿನಲ್ಲಿ ಕೊಂಡು ಪೇರಿಸಿಟ್ಟ ಮನೆಗಳ ಬೆಲೆ ಇನ್ನೂ ಕುಸಿದು, ಒಂದೂ ಬಿಕರಿಯಾಗದೆ ಉಳಿದಿವೆಯಂತೆ. ಅವಕ್ಕೆಂದು ತಾವಿರುವ ಮನೆಯ ಮೇಲೂ ಸಾಲ ಎತ್ತಿದ್ದಾನಂತೆ. ಗಾಲ್ಫ್ ಮೈದಾನದ ಪಕ್ಕದ, ಈಜುಕೊಳದ ಮನೆ. ಬ್ಯಾಂಕು ಹರಾಜಿನ ನೋಟೀಸು ಕಳಿಸಿದೆ. ಜುವೆನಲ್‌ಗೆ ಸಾಲ ಕೊಟ್ಟಿದ್ದ ಅದೇ ಬ್ಯಾಂಕು.

“ಆ ಬ್ಯಾಂಕನ್ನ ತಡೆಯೋಕೆ ಬರೋದು ನಿಮಗೊಬ್ಬರಿಗೇ ಅಂತ ಎಲ್ಲರೂ ಹೇಳ್ತಾರೆ. ನಿಮಗೆ ನಮ್ಮ ಮೇಲೆ ಕೋಪ ಇದೆ, ಗೊತ್ತು.”

“ನಿಮ್ಮ ಮೇಲಿಲ್ಲ,” ಎಂದಳು ಒಡೆಟ್. “ಅವನೇ ಬಂದು ಕೇಳಲಿ.”

ಡ್ವೇನ್ ಬಂದ. ಒಡೆಟ್ ಬೇರೊಂದು ಮನೆಯ ವಿಷಯಕ್ಕೆ ಬ್ಯಾಂಕಿಗೆ ಫೋನ್ ಹಚ್ಚಿದ್ದಳು. ಅವನನ್ನು ಎದುರಿಗೆ ಕೂರಿಸಿ, ಫೋನಿನ ಸದ್ದು ದೊಡ್ಡದು ಮಾಡಿ ಮೇಜಿನ ಮೇಲಿಟ್ಟಳು. ಇಬ್ಬರೂ ಊಟದ ಹೊತ್ತಿನ ತನಕ ಆ ಸ್ಯಾಕ್ಸಫೋನ್ ಕೇಳಿದರು. ಆಮೇಲೆ, ಏನು ಬಂದೆ ಎಂದು ಕೇಳಿದಳು.

“ಗೊತ್ತಲ್ಲ ನಿಂಗೆ.”

“ನಿನ್ನ ಬಾಯಿಂದ ಹೇಳು.”

“ಮನೆ ಹರಾಜಾಗದ ಹಾಗೆ ಮಾರಿಸಿಕೊಡು.”

“ಇನ್ನೊಂದು ಸಲ ಹೇಳು. ಹೆಕ್ಟರ್ ಒಳಗಿದಾನೆ, ಅವನಿಗೆ ಕೇಳಿಸ್ಲಿಲ್ಲ.”

ಡ್ವೇನ್ ಇನ್ನೊಂದು ಸಲ ಹೇಳಿದ. ಅವನ ಕಿವಿ ಕೆಂಪಾಗಿತ್ತು.

ಅವನು ಹೋದ ಮೇಲೆ ಹೆಕ್ಟರ್ ಬಂದು ಬಾಗಿಲಿಗೆ ಒರಗಿ ನಿಂತ. ಈ ಕೆಲಸ ಹಿಡಿದು ಅವನನ್ನು ಮುಳುಗಿಸುವ ಯೋಚನೆಯಿದ್ದರೆ ಈಗಲೇ ಹೇಳಿಬಿಡು, ಈ ಕಚೇರಿಗೆ ನನ್ನ ಹೆಸರಿದೆ ಎಂದ. ಒಡೆಟ್ ನಿಜ ಹೇಳಿದಳು, ಇನ್ನೂ ಗೊತ್ತಿಲ್ಲ ಎಂದು. ಒಂದೆರಡು ದಿನ ಆ ಯೋಚನೆಯನ್ನು ಬಾಯಲ್ಲಿ ಸಕ್ಕರೆಯಂತೆ ಇಟ್ಟುಕೊಂಡು ಓಡಾಡಿದಳು. ಬಹಳ ಸುಲಭವಿತ್ತು. ಮಾಡಬೇಕಾದ ಒಂದು ಫೋನ್ ಮಾಡದಿದ್ದರಾಯಿತು. ಆದರೆ ಯೋಚಿಸಿದಷ್ಟೂ ಅದು ಸಪ್ಪೆ ಎನ್ನಿಸತೊಡಗಿತು. ಹರಾಜಾದರೆ ಒಂದು ಬೆಳಿಗ್ಗೆಗೆ ಮುಗಿದುಹೋಗುತ್ತದೆ, ಡ್ವೇನ್ ತಪ್ಪನ್ನು ಅವಳ ಮೇಲೆ ಹಾಕಿ ಕೈ ತೊಳೆದುಕೊಳ್ಳುತ್ತಾನೆ. ಅದಕ್ಕಿಂತ, ಅವನು ತಿಂಗಳುಗಟ್ಟಲೆ ತನ್ನ ಬಾಗಿಲು ಕಾಯಲಿ.

ಹಾಗೇ ಮಾಡಿದಳು. ಕೆಲಸದಲ್ಲಿ ಒಂದು ಕೂದಲೆಳೆಯ ಲೋಪವನ್ನೂ ಬಿಡಲಿಲ್ಲ. ಮೊಡೆಸ್ಟೊದ ಹಲ್ಲಿನ ಡಾಕ್ಟರೊಬ್ಬನನ್ನು ಹುಡುಕಿ, ಒಳ್ಳೆಯ ಬೆಲೆಗೆ ಒಪ್ಪಿಸಿದಳು. ಅದರ ನಡುವೆ ಡ್ವೇನ್‌ನನ್ನು ಸಣ್ಣ ಸಣ್ಣ ಕೆಲಸಕ್ಕೆಲ್ಲ ಕಚೇರಿಗೆ ಓಡಾಡಿಸಿದಳು. ಇಂಥ ಮಾರಾಟಕ್ಕೆ ಮನೆಯವನು ತಾನು ಹೇಗೆ ಕಷ್ಟಕ್ಕೆ ಬಿದ್ದೆನೆಂದು ಬ್ಯಾಂಕಿಗೆ ಬರೆದುಕೊಡಬೇಕು. ಡ್ವೇನ್ ಮಾರುಕಟ್ಟೆ ಬಿತ್ತು, ಕಾಲ ಕೆಟ್ಟಿತು ಎಂದು ಬರೆದುಕೊಂಡು ಬಂದ. ಒಡೆಟ್ ಓದಿ ವಾಪಸು ಕೊಟ್ಟಳು.

“ಇದರಲ್ಲಿ ತಪ್ಪು ನಿನ್ನದು ಅಂತ ಎಲ್ಲೂ ಇಲ್ವಲ್ಲ.”

ಬ್ಯಾಂಕು ಅದನ್ನು ಕೇಳಿರಲಿಲ್ಲ. ಡ್ವೇನ್‌ಗೂ ಅದು ಗೊತ್ತಿತ್ತು. ಅವನು ಅಲ್ಲೇ ಕೂತು, ಜನ ಮನೆ ಕಳೆದುಕೊಳ್ಳುವುದನ್ನೇ ಕಾದು ಕಾದು ಕೊಂಡೆ, ದುರಾಸೆಪಟ್ಟೆ ಎಂದು ಬರೆದ. ಅವಳು ಎರಡು ಕಡೆ ಅಕ್ಷರ ತಿದ್ದಿಸಿದಳು.

ಹರಾಜಿನ ದಿನ ಗುರುವಾರವೆಂದು ಗೊತ್ತಾಗಿತ್ತು. ಬುಧವಾರ ಸಂಜೆಯವರೆಗೂ ಬ್ಯಾಂಕು ಹ್ಞೂಂ ಎನ್ನಲಿಲ್ಲ, ಉಹ್ಞೂಂ ಎನ್ನಲಿಲ್ಲ. ಗುರುವಾರ ಬೆಳಿಗ್ಗೆ ಒಡೆಟ್ ಕಾಫಿ ಬಗ್ಗಿಸಿಕೊಳ್ಳುತ್ತಿದ್ದಾಗ ಫೋನ್ ಬಂತು. ಮಾರಾಟಕ್ಕೆ ಒಪ್ಪಿಗೆಯಾಗಿದೆ, ಹರಾಜು ಮುಂದೂಡಿದ್ದೇವೆ ಎಂದರು. ಅವಳು ಮಾರ್ಲಿಸ್‌ಗೆ ತಿಳಿಸಲೆಂದು ಅರ್ಧ ನಂಬರು ಒತ್ತಿದಳು. ಅಲ್ಲಿಗೇ ಕೈ ನಿಂತಿತು. ಫೋನನ್ನು ಚೀಲಕ್ಕೆ ಹಾಕಿಕೊಂಡು, ಕಾಫಿ ಮುಗಿಸಿ, ನ್ಯಾಯಾಲಯಕ್ಕೆ ಹೊರಟಳು.

ಡ್ವೇನ್ ಅವತ್ತು ಕುರ್ಚಿ ತಂದಿರಲಿಲ್ಲ. ಮೆಟ್ಟಿಲ ಒಂದು ಅಂಚಿಗೆ ನಿಂತಿದ್ದ. ಗೆಳೆಯರು ದೂರದಿಂದಲೇ ಕೈಯೆತ್ತಿ, ಬೇಗ ಬೇಗ ಬೇರೆ ಕಡೆ ನೋಡುತ್ತಿದ್ದರು. ಅವರಲ್ಲಿ ರಿಕ್ ಎಂಬವನು ಹಿಂದಿನ ದಿನವೇ ಗಾಲ್ಫ್ ಮೈದಾನದ ಬೀದಿಯಲ್ಲಿ ಕಾರು ನಿಧಾನ ಮಾಡಿ ಫೋಟೋ ತೆಗೆದುಕೊಂಡಿದ್ದನ್ನು ಒಡೆಟ್ ಕೇಳಿದ್ದಳು. ರಸ್ತೆಯಾಚೆ ಕಾರಿನಲ್ಲಿ ಮಾರ್ಲಿಸ್ ಕಿಟಕಿ ಇಳಿಸಿಕೊಂಡು ಕೂತಿದ್ದಳು.

ಡ್ವೇನ್ ಒಡೆಟ್‌ಳ ಹತ್ತಿರ ಬಂದು, ಬ್ಯಾಂಕಿನಿಂದ ಏನಾದರೂ ಬಂತೇ ಎಂದು ಕೇಳಿದ. ಒಡೆಟ್, ನೋಡೋಣ ಎಂದಳು.

ಕೂಗುವವನು ಬಂದ. ಯಾರು ಯಾರದೋ ಮನೆಗಳು ಹೋದವು. ಬಿಸಿಲು ಏರಿತು. ಕಡೆಗೆ ಗಾಲ್ಫ್ ಮೈದಾನದ ಬೀದಿಯ ಹೆಸರು, ಮನೆಯ ನಂಬರು ಓದಿದ. ರಿಕ್ ಎದ್ದು ಅಂಗಿಯ ಜೇಬಿಗೆ ಕೈ ಹಾಕಿದ. ಅವನ ಹಿಂದೆ ಇನ್ನಿಬ್ಬರು ಎದ್ದರು.

“ನೀನೂನಾ ರಿಕ್?” ಎಂದ ಡ್ವೇನ್.

“ವ್ಯಾಪಾರ ಕಣಯ್ಯ. ನೀನಾಗಿದ್ರೂ ಇದನ್ನೇ ಮಾಡ್ತಿದ್ದೆ.”

ಕೂಗುವವನು ಹಾಳೆ ತಿರುಗಿಸಿದ. ಕನ್ನಡಕ ಸರಿಮಾಡಿಕೊಂಡ. “ಮುಂದೂಡಲಾಗಿದೆ,” ಎಂದು ಓದಿ, ಮುಂದಿನ ವಿಳಾಸಕ್ಕೆ ಹೋದ.

ಡ್ವೇನ್ ಮೆಟ್ಟಿಲ ಮೇಲೆ ಕೂತುಬಿಟ್ಟ. ರಿಕ್ ಮತ್ತು ಉಳಿದವರು ಏನೂ ಆಗದವರಂತೆ ತಮ್ಮ ಕುರ್ಚಿಗಳಿಗೆ ಮರಳಿದರು. ಸ್ವಲ್ಪ ಹೊತ್ತಿಗೆ ಡ್ವೇನ್ ತಲೆಯೆತ್ತಿ ಒಡೆಟ್‌ಳನ್ನು ನೋಡಿದ. ಅವಳು ನಿಂತ ರೀತಿಯಲ್ಲೇ ಅವನಿಗೆ ಅರ್ಥವಾಗಿರಬೇಕು.

“ನಿಂಗೆ ಗೊತ್ತಿತ್ತು.”

“ಬೆಳಿಗ್ಗೇನೇ.”

“ಹೇಳಬಹುದಿತ್ತು.”

“ಹೌದು,” ಎಂದಳು ಒಡೆಟ್. “ನೀನೂ ನಮ್ಮಣ್ಣನಿಗೆ ಹೇಳಬಹುದಿತ್ತು.”

ಅವನು ಬಾಯಿ ತೆರೆದ. ಬ್ಯಾಂಕಿನವರು, ಎಂದು ಶುರುಮಾಡಿ ನಿಲ್ಲಿಸಿದ. ಇಷ್ಟು ವರ್ಷ ಅವಳು ಕಾದದ್ದು ಈ ಮೌನಕ್ಕೇ. ಎದೆಯೊಳಗೆ ಏನೋ ಬಿಸಿಯಾಗಿ ಇಳಿದು, ಕೈಬೆರಳ ತುದಿಯವರೆಗೂ ಹರಡಿದ ಹಾಗಾಯಿತು. ಅವಳು ಅವನನ್ನು ಕಣ್ಣು ತುಂಬ ನೋಡಿದಳು. ಅವಸರ ಮಾಡಲಿಲ್ಲ.

ತಿರುಗಿ ನೋಡಿದರೆ ಮಾರ್ಲಿಸ್ ಕಾರಿನಿಂದಿಳಿದು ಚರಂಡಿಯ ಅಂಚಿಗೆ ಬಗ್ಗಿ ವಾಂತಿ ಮಾಡಿಕೊಳ್ಳುತ್ತಿದ್ದಳು. ಒಡೆಟ್ ರಸ್ತೆ ದಾಟಿ ಹೋಗಿ, ಹರಾಜು ಮುಂದೆ ಹೋಯಿತು, ಮಾರಾಟಕ್ಕೂ ಒಪ್ಪಿಗೆ ಬಂದಿದೆ ಎಂದು ಹೇಳಿ, ನೀರಿನ ಬಾಟಲಿ ಕೊಟ್ಟಳು. ಮಾರ್ಲಿಸ್ ಬಾಯಿ ತೊಳೆದುಕೊಂಡು, ಯಾವಾಗ ಬಂತು ಎಂದು ಕೇಳಿದಳು. ಬೆಳಿಗ್ಗೆ ಕಾಫಿಯ ಹೊತ್ತಿಗೇ ಎಂದಳು ಒಡೆಟ್, ಸುಳ್ಳು ಹೇಳಲಿಲ್ಲ.

“ಅವರಿಗೆ ಇದು ಆಗಬೇಕಿತ್ತು, ಬಿಡಿ,” ಎಂದಳು ಮಾರ್ಲಿಸ್. “ನಾನೇನು ಮಾಡಿದ್ದೆ ನಿಮಗೆ?”

ಒಡೆಟ್ ಬಾಟಲಿಯನ್ನು ವಾಪಸು ತೆಗೆದುಕೊಳ್ಳದೆ ಬಂದಳು.

ಸಂಜೆ ಜುವೆನಲ್ ಹಾಲಿನ ವಾಸನೆ ಹೊತ್ತು ಬಂದು, ಸೊಪ್ಪಿನ ಸೂಪಿನ ಮುಂದೆ ಕೂತಾಗ ಮೆಟ್ಟಿಲ ಮೇಲೆ ನಡೆದದ್ದನ್ನು ಹೇಳಿದಳು. ಅಣ್ಣ ಸುಮ್ಮನೆ ತಲೆಯಾಡಿಸಿ ಏಳುತ್ತಾನೆ ಎಂದುಕೊಂಡಿದ್ದಳು. ಅವನು ಚಮಚ ಕೆಳಗಿಟ್ಟ.

“ಕೂತೇಬಿಟ್ನಾ?”

“ಮೆಟ್ಟಿಲ ಮೇಲೇ ಅಣ್ಣ. ಅಷ್ಟು ಒಳ್ಳೆ ಪ್ಯಾಂಟು ಹಾಕ್ಕೊಂಡು.”

ಜುವೆನಲ್‌ನ ಭುಜ ಕುಲುಕತೊಡಗಿತು. ರಿಕ್ ಎದ್ದು ನಿಂತ ಭಾಗವನ್ನು ಮತ್ತೊಮ್ಮೆ ಹೇಳಿಸಿಕೊಂಡ. ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಅಂಥ ನಗು ಅವನಲ್ಲಿದೆಯೆಂದೇ ಒಡೆಟ್‌ಗೆ ಗೊತ್ತಿರಲಿಲ್ಲ. ಮಾರ್ಲಿಸ್ ವಿಷಯ ಅವನಿಗೆ ಹೇಳಲಿಲ್ಲ.

ಮನೆ ಹಲ್ಲಿನ ಡಾಕ್ಟರ ಹೆಸರಿಗಾಯಿತು. ಡ್ವೇನ್ ಸಹಿ ಹಾಕಿ, ಬೀಗದಕೈ ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೊರಟುಹೋದ. ಬೇಸಿಗೆ ಮುಗಿಯುವುದರೊಳಗೆ ಅವನು ಐಡಹೊ ಕಡೆ ಯಾರದೋ ಟ್ರ್ಯಾಕ್ಟರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದನೆಂದು ಸುದ್ದಿ ಬಂತು. ಮಾರ್ಲಿಸ್ ಅವನ ಜೊತೆ ಹೋಗಲಿಲ್ಲ.

ಒಡೆಟ್‌ಗೆ ಕಷ್ಟವಾದದ್ದು ಆಮೇಲೆ. ಬೆಳಿಗ್ಗೆ ಏಳಲು ಮನಸ್ಸಾಗುತ್ತಿರಲಿಲ್ಲ. ಅದೇ ಬ್ಯಾಂಕು, ಅದೇ ರಾಗ, ಅದೇ ‘ಮತ್ತೆ ಕಳಿಸಿ’. ಈಗ ಅದನ್ನು ಕೇಳುತ್ತ ನೆನೆಯಲು ಯಾರ ಮುಖವೂ ಇರಲಿಲ್ಲ. ರಿಕ್‌ನನ್ನು ದ್ವೇಷಿಸಲು ನೋಡಿದಳು, ಅದು ಹತ್ತಲಿಲ್ಲ. ಶಾಲಾ ಬಸ್ ಓಡಿಸುವ ಒಬ್ಬ ವಿಧವೆಯ ಮನೆ ಮಾರಿಸುವ ಕೆಲಸವನ್ನು ಬೇರೆ ಯಾರಿಗಾದರೂ ಒಪ್ಪಿಸಿಬಿಡು ಎಂದು ಹೆಕ್ಟರ್‌ಗೆ ಹೇಳುವಷ್ಟಾಯಿತು. ಹೆಕ್ಟರ್, ಬೇರೆ ಯಾರಿದ್ದಾರೆ, ತೋರಿಸು ಎಂದು ಖಾಲಿ ಮೇಜುಗಳ ಕಡೆ ಕೈ ಮಾಡಿದ.

ಅಂಥದೊಂದು ದಿನ ಮಾರ್ಲಿಸ್ ಫೋನ್ ಮಾಡಿದಳು. ಫ್ರೆಸ್ನೊದಲ್ಲಿ ತನ್ನ ಅಕ್ಕನ ಮನೆ ಹರಾಜಿಗೆ ಬಂದಿದೆ, ಆ ಕೆಲಸ ಹಿಡಿಯುತ್ತೀರಾ ಎಂದಳು. ಒಡೆಟ್ ತಡವರಿಸಿದಳು. ನನ್ನನ್ನೇ ಯಾಕೆ ಕೇಳುತ್ತೀರಿ ಎಂದಳು.

“ನಿಮ್ಮಷ್ಟು ಹಟ ಇರೋರು ನನಗೆ ಬೇರೆ ಯಾರೂ ಗೊತ್ತಿಲ್ಲ,” ಎಂದಳು ಮಾರ್ಲಿಸ್. “ಆದರೆ ಒಂದು ಮಾತು. ದಿನ ಮುಂದೆ ಹೋಯ್ತು ಅಂತ ನಿಮಗೆ ಗೊತ್ತಾದ ತಕ್ಷಣ ಅವಳಿಗೆ ಹೇಳಬೇಕು. ಕಾಫಿ ಕುಡಿದು ಹೇಳ್ತೀನಿ ಅನ್ನಬಾರದು.”

ಒಡೆಟ್ ಆಗಲಿ ಎಂದಳು. ಅಕ್ಕನ ಮನೆಯ ಹರಾಜನ್ನು ಬ್ಯಾಂಕು ಮುಂದಕ್ಕೆ ಹಾಕಿದ ಬೆಳಿಗ್ಗೆ ಅವಳು ಇನ್ನೂ ಹಾಸಿಗೆಯಲ್ಲಿದ್ದಳು. ಎದ್ದು ಕೂರುವ ಮುಂಚೆಯೇ ಫ್ರೆಸ್ನೊಗೆ ಫೋನ್ ಮಾಡಿದಳು. ಆ ಕಡೆಯ ಹೆಂಗಸು ಅತ್ತಳು. ಅವಳು ಅತ್ತು ಮುಗಿಸುವವರೆಗೂ ಒಡೆಟ್ ಫೋನ್ ಇಡಲಿಲ್ಲ. ಅಲ್ಲಿಂದಾಚೆಗೆ ಯಾರ ಮನೆಯಾದರೂ ಹಾಗೇ ಮಾಡಿದಳು. ಆ ಕಸುಬಿನಲ್ಲಿ ಇನ್ನೂ ಬಹಳ ವರ್ಷ ಇದ್ದಳು.

ಡ್ವೇನ್‌ಗೆ ಹಾಗೆ ಮಾಡಬಾರದಿತ್ತು ಎಂದು ನಿನಗೆ ಅನ್ನಿಸುತ್ತದೆಯೇ ಎಂದು ಹೆಕ್ಟರ್ ಒಮ್ಮೆ ಕೇಳಿದ್ದುಂಟು. ಒಡೆಟ್, ಇಲ್ಲ ಎಂದಳು. ಅವನ ಹೆಂಡತಿಗೆ ಅವತ್ತು ಮನೆಯಲ್ಲೇ ಇರಿ ಎಂದು ನಾನು ಹೇಳಬೇಕಿತ್ತು, ಅಷ್ಟೇ ಎಂದಳು.